ಕೊನೆಯ ಓವರ್ ಹಾಕುವವನು: ಬಳಕೆಯ ಕೈಪಿಡಿ

ನಾಯಕರೇ, ಮೊದಲಿಗೆ ಅಭಿನಂದನೆ. ನಿಮ್ಮ ತಂಡಕ್ಕೆ ಕೊನೆಯ ಓವರ್ ಹಾಕುವವನೊಬ್ಬ ಸಿಕ್ಕಿದ್ದಾನೆ. ಹರಾಜಿನಲ್ಲಿ ಕೊಂಡಿರಬಹುದು. ಕೋಳಿ ಸಾರು, ಕಡುಬಿನ ಆಸೆ ತೋರಿಸಿ ಪಕ್ಕದ ಎಸ್ಟೇಟಿನಿಂದ ಕರೆತಂದಿರಬಹುದು. ಇಲ್ಲವೇ ಮಿಕ್ಕವರೆಲ್ಲ ‘ನಂಗ್ ಬೇಡ ಮಾರಾಯ’ ಎಂದು ಹಿಂದೆ ಸರಿದಾಗ ಬಾಲ್ ಇವನ ಕೈಯಲ್ಲಿ ಉಳಿದುಹೋಗಿರಬಹುದು. ಜಗತ್ತಿನ ಬಹುಪಾಲು ಕೊನೆ ಓವರಿನ ಬೌಲರುಗಳು ತಯಾರಾಗಿರುವುದು ಈ ಮೂರನೆಯ ವಿಧಾನದಲ್ಲೇ.

ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಬಳಸಿ ಸೋತರೆ ಅವನನ್ನು ಬಯ್ಯುತ್ತೀರಿ. ಓದಿ ಬಳಸಿ ಸೋತರೂ ಅವನನ್ನೇ ಬಯ್ಯುತ್ತೀರಿ, ಆದರೆ ಸ್ವಲ್ಪ ನಾಚಿಕೆಯಿಂದ. ಈ ನಾಚಿಕೆಯನ್ನು ಹುಟ್ಟಿಸುವುದಷ್ಟೇ ಈ ಕೈಪಿಡಿಯ ಉದ್ದೇಶ.

ಬಳಕೆಯ ವ್ಯಾಪ್ತಿ

ವನಗೂರು, ಅದರ ಕೂಡುರಸ್ತೆ, ಹೆತ್ತೂರು, ಯಸಳೂರು, ಒಂದು ಕಡೆ ಸಕಲೇಶಪುರ, ಇನ್ನೊಂದು ಕಡೆ ಆಲೂರು. ಇಷ್ಟು ಕಡೆ ನಡೆಯುವ ಟೆನ್ನಿಸ್ ಬಾಲ್ ಪಂದ್ಯಾವಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಬಳಕೆ ಶುರು, ಮುಂಗಾರು ಹಿಡಿದರೆ ಬಂದ್. ನಡುವೆ ಹೂಮಳೆ ಬಂದರೆ ತೋಟದವರು ನಗುತ್ತಾರೆ, ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟವರು ಆಕಾಶ ನೋಡುತ್ತಾರೆ. ಜೂನಿನಿಂದಾಚೆ ಪಿಚ್ಚಿನ ಮೇಲೆ ಜಿಗಣೆಗಳ ಪಂದ್ಯಾವಳಿ. ಅದರ ನಿಯಮಗಳೇ ಬೇರೆ.

ಸಂಜೆಯ ಅಭ್ಯಾಸವನ್ನು ಬೆಳಕಿರುವಾಗಲೇ ಮುಗಿಸಿ. ಬೌಂಡರಿ ದಾಟಿ ಕಾಫಿ ಗಿಡದೊಳಗೆ ಹೋದ ಬಾಲನ್ನು ಮಬ್ಬುಗತ್ತಲಲ್ಲಿ ಹುಡುಕಲು ಯಾರನ್ನೂ ಕಳಿಸಬೇಡಿ. ಆನೆ ಹಾವಳಿಗೆಂದೇ ಸರ್ಕಾರ 2022ರಲ್ಲಿ ನಮ್ಮ ಜಿಲ್ಲೆಗೆ ಪ್ರತ್ಯೇಕ ಕಾರ್ಯಪಡೆ ಕೊಟ್ಟಿದೆ. ಅವರಿಗೆ ಈಗಾಗಲೇ ಕೈತುಂಬ ಕೆಲಸವಿದೆ. ಮುನ್ನೂರು ರೂಪಾಯಿಯೂ ಬೆಲೆ ಬಾಳದ ಚೆಂಡಿಗಾಗಿ ಹೆಚ್ಚಿಸಬೇಡಿ.

ಆರು ಓವರಿನ ಪಂದ್ಯವೆಂದರೆ ಒಬ್ಬ ಬೌಲರಿಗೆ ಒಂದು, ಹೆಚ್ಚೆಂದರೆ ಎರಡು ಓವರ್. ಕೊನೆಯದು ಹಾಕುವವನ ಪಾಲಿಗೆ ಸಾಮಾನ್ಯವಾಗಿ ಒಂದೇ. ಬೆಳಿಗ್ಗೆ ಎಂಟಕ್ಕೆ ಪಿಕಪ್ ಹತ್ತಿ ಬಂದವನು ಮಧ್ಯಾಹ್ನ ಮೂರಕ್ಕೆ ಆರು ಚೆಂಡು ಹಾಕಿ ಸಂಜೆ ಮನೆ ಸೇರುತ್ತಾನೆ. ಏನು ಮಾಡಿದೆ ಇಡೀ ದಿನ ಎಂದು ಮನೆಯಲ್ಲಿ ಅವ್ವ ಕೇಳಿದರೆ ಅವನ ಬಳಿ ಉತ್ತರ ಇರುವುದಿಲ್ಲ. ಇಂಥವನನ್ನು ಬಳಸುವುದು ಹೇಗೆಂದು ತಿಳಿಯಬೇಕಾದರೆ ಇವನು ಯಾವ ಜಾತಿಯವನೆಂದು ಮೊದಲು ತಿಳಿಯಬೇಕು.

ಪರಿಚಯ

ಇದೇ ಮಾದರಿಗೆ ಅಮೆರಿಕದಲ್ಲಿ ಕೋಟಿಗಟ್ಟಲೆ ಸಂಬಳವಿದೆ. ಅಲ್ಲಿನ ಬೇಸ್‌ಬಾಲ್‌ನಲ್ಲಿ ಇವನನ್ನು ರಿಲೀಫ್ ಪಿಚರ್ ಎನ್ನುತ್ತಾರೆ. ಒಂಬತ್ತು ಇನಿಂಗ್ಸಿನ ಆಟ. ಶುರು ಮಾಡಿದ ಪಿಚರ್‌ನ ತೋಳು ಸೋಲುತ್ತ ಬಂದಂತೆ ಒಬ್ಬೊಬ್ಬರಾಗಿ ಇವರನ್ನು ಕರೆಸುತ್ತಾರೆ; ಒಮ್ಮೆ ಹೊರಗೆ ಹೋದವನು ಆ ಆಟಕ್ಕೆ ಮತ್ತೆ ಬರುವಂತಿಲ್ಲ. ಕಟ್ಟಕಡೆಗೆ ಬಂದು ಬಾಗಿಲು ಹಾಕಿಕೊಂಡು ಹೋಗುವವನಿಗೆ ಕ್ಲೋಸರ್ ಎಂದು ಹೆಸರು. ಅಲ್ಲಿಯವರೆಗೂ ಇವರೆಲ್ಲ ಬುಲ್‌ಪೆನ್ ಎಂಬ ಜಾಗದಲ್ಲಿ ಸೂರ್ಯಕಾಂತಿ ಬೀಜ ಅಗಿಯುತ್ತ ಗಂಟೆಗಟ್ಟಲೆ ಕೂತಿರುತ್ತಾರೆ. ಅಲ್ಲೊಂದು ಫೋನಿರುತ್ತದೆ. ಅದು ಹೊಡೆದುಕೊಂಡಿತೆಂದರೆ ಒಳಗೆ ಯಾರಿಗೋ ಸಾಕಾಗಿದೆ, ಇಲ್ಲಿ ಯಾರೋ ಏಳಬೇಕಾಗಿದೆ ಎಂದರ್ಥ.

ಈ ಜನ ದುಡಿದದ್ದಕ್ಕೆ ಲೆಕ್ಕವೇ ಇಲ್ಲವಲ್ಲ ಎಂದು ಷಿಕಾಗೋದ ಕ್ರೀಡಾ ವರದಿಗಾರ ಜೆರೋಮ್ ಹೋಲ್ಟ್ಸ್‌ಮನ್‌ಗೆ ಅನ್ನಿಸಿತು. ಅವನು ಕಟ್ಟಿದ ಲೆಕ್ಕವೇ ಸೇವ್. 1969ರಲ್ಲಿ ಅದು ಬೇಸ್‌ಬಾಲ್‌ನ ಅಧಿಕೃತ ಅಂಕಿ ಆಯಿತು. ತಂಡದ ಮುನ್ನಡೆ ಮೂರು ರನ್ನಿಗಿಂತ ಹೆಚ್ಚಿಲ್ಲದಾಗ ಒಳಗೆ ಬಂದು, ಕೊನೆಯ ಇನಿಂಗ್ಸನ್ನು ಪೂರ್ತಿ ಹಾಕಿ, ಗೆಲುವು ಕೈಬಿಟ್ಟು ಹೋಗದಂತೆ ಮುಗಿಸಿದರೆ ಒಂದು ಸೇವ್. ಇನ್ನೂ ಒಂದೆರಡು ಬಗೆಯಲ್ಲಿ ಸಿಗುತ್ತದೆ. ನಮಗೆ ಇಷ್ಟು ಸಾಕು. ಪನಾಮಾ ದೇಶದ ಮೀನುಗಾರನ ಮಗ, ಹುಡುಗನಾಗಿದ್ದಾಗ ಹಾಲಿನ ರಟ್ಟಿನ ಡಬ್ಬಿ ಕತ್ತರಿಸಿ ಗ್ಲೌಸ್ ಮಾಡಿಕೊಂಡು ಆಡಿದ ಮರಿಯಾನೊ ರಿವೇರಾ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕಾಗಿ 652 ಸೇವ್ ಮಾಡಿ 2013ರಲ್ಲಿ ನಿವೃತ್ತನಾದ. ಅವನಿಗಿಂತ ಹೆಚ್ಚು ಇದುವರೆಗೆ ಯಾರದೂ ಇಲ್ಲ.

ಕ್ರಿಕೆಟ್ಟಿನ ಸ್ಕೋರ್ ಪುಸ್ತಕದಲ್ಲಿ ಆ ಕಾಲಂ ಇಲ್ಲ. ಕೊನೆಯ ಓವರಿನಲ್ಲಿ ಎಂಟು ರನ್ ಬೇಕಿದ್ದಾಗ ಆರು ಕೊಟ್ಟು ಗೆಲ್ಲಿಸಿದವನ ಹೆಸರಿನ ಮುಂದೆ 1-0-6-0 ಎಂದು ಬರೆದಿರುತ್ತದೆ. ಎರಡನೇ ಓವರಿನಲ್ಲಿ ಯಾರೂ ಹೊಡೆಯಲು ನೋಡದೆ ಇದ್ದಾಗ ಆರಾಮಾಗಿ ಆರು ಕೊಟ್ಟವನ ಹೆಸರಿನ ಮುಂದೆಯೂ 1-0-6-0. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಸ್ಕೋರ್ ಹಾಳೆಯ ಫೋಟೊ ಬಂದಾಗ ಇಬ್ಬರೂ ಒಂದೇ. ನನ್ನನ್ನು ಕೇಳಿದರೆ ಕ್ರಿಕೆಟ್ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಬ್ಯಾಟ್ಸ್‌ಮನ್ ಕೊನೆಯ ಚೆಂಡಿಗೆ ಸಿಕ್ಸ್ ಹೊಡೆದರೆ ಅದು ಸಿಕ್ಸ್ ಎಂದೇ ದಾಖಲಾಗುತ್ತದೆ. ಬೌಲರ್ ಕೊನೆಯ ಚೆಂಡಿಗೆ ಸಿಕ್ಸ್ ಹೊಡೆಯಲು ಬಿಡದಿದ್ದರೆ ಅಲ್ಲೊಂದು ಚುಕ್ಕಿ ಬೀಳುತ್ತದೆ.

ಹಾಗಾಗಿ ಮೊದಲ ಸೂಚನೆ: ಸ್ಕೋರ್ ಬರೆಯುವ ಹುಡುಗನಿಗೆ ಒಂದು ಟೀ ಕುಡಿಸಿ ಪಕ್ಕದಲ್ಲೊಂದು ಗೀಟು ಹಾಕಿಸಿಕೊಳ್ಳಿ. ಕೊನೆಯ ಓವರ್ ಹಾಕಿದವನು ಎಷ್ಟು ರನ್ ಕೈಯಲ್ಲಿಟ್ಟುಕೊಂಡು ಬಂದ, ಎಷ್ಟು ಉಳಿಸಿದ, ಇಷ್ಟೇ. ಅವನು ಇಪ್ಪತ್ತು ರನ್ ಉಳಿಸಬೇಕಿತ್ತೋ ಐದನ್ನೋ ಎಂಬುದು ಸಾಮಾನ್ಯವಾಗಿ ನಿರ್ಧಾರವಾಗಿರುವುದು ಮೂರನೇ ಓವರಿನಲ್ಲಿ, ನೀವು ನಿಮ್ಮ ಭಾವನಿಗೆ ಬಾಲ್ ಕೊಟ್ಟಾಗ.

ಬಿಡಿಭಾಗಗಳು

ಪೆಟ್ಟಿಗೆ ಬಿಚ್ಚಿದಾಗ ಈ ಕೆಳಗಿನವು ಇವೆಯೇ ನೋಡಿಕೊಳ್ಳಿ.

ಯಾರ್ಕರ್, ಒಂದು. ಬ್ಯಾಟ್ಸ್‌ಮನ್ನಿನ ಕಾಲ್ಬೆರಳ ಬುಡಕ್ಕೆ ಬೀಳುವ ಚೆಂಡು. ಲೆದರ್ ಬಾಲಿನಲ್ಲಿ ಇದು ಹಲವು ಆಯುಧಗಳಲ್ಲಿ ಒಂದು. ಟೆನ್ನಿಸ್ ಬಾಲಿನಲ್ಲಿ ಇರುವುದೇ ಇದೊಂದು. ಸ್ವಲ್ಪ ಹಿಂದೆ ಬಿದ್ದರೆ ಚೆಂಡು ಪುಟಿದು ಸೊಂಟಕ್ಕೆ ಬರುತ್ತದೆ, ಅಲ್ಲಿಂದ ಸಿಲ್ವರ್ ಓಕ್ ಮರಗಳ ಮೇಲೆ ಹೋಗುತ್ತದೆ. ಸ್ವಲ್ಪ ಮುಂದೆ ಹೋದರೆ ಫುಲ್‌ಟಾಸ್, ಅದೂ ಅಲ್ಲಿಗೇ ಹೋಗುತ್ತದೆ. ಎರಡರ ನಡುವಿನ ಅಂತರ ಒಂದು ಗೇಣು. ಇವನ ವೃತ್ತಿಜೀವನವಿಡೀ ಆ ಗೇಣಿನೊಳಗೆ ನಡೆಯುತ್ತದೆ.

ನಿಧಾನದ ಚೆಂಡು, ಒಂದೆರಡು ಬಗೆ. ತೋಳು ಜೋರಾಗಿ ತಿರುಗಬೇಕು, ಚೆಂಡು ಮಾತ್ರ ತಡವಾಗಿ ತಲುಪಬೇಕು. ವೆಂಕಟೇಶ್ ಪ್ರಸಾದ್ ಈ ವಿದ್ಯೆಯಲ್ಲಿ ಕರ್ನಾಟಕದ ಮೇಷ್ಟ್ರು. ಈಚೆಗೆ ಟಿವಿಯಲ್ಲಿ ಎಲ್ಲರೂ ಹೊಗಳುವ ನಕಲ್ ಬಾಲ್ ಬೇಸ್‌ಬಾಲ್ ಪಿಚರುಗಳಿಂದ ಬಂದ ಸರಕು. ನಮ್ಮ ಹುಡುಗರು ಅದನ್ನು ಯೂಟ್ಯೂಬಿನಲ್ಲಿ ನೋಡಿ ಕಲಿತು ಮೊದಲ ಸಲ ಪ್ರಯೋಗಿಸುವುದು ಫೈನಲ್ಲಿನಲ್ಲೇ. ಈ ಪ್ರಯೋಗಕ್ಕೆ ಅನುಮತಿ ಕೊಡಬೇಡಿ.

ತೋಳು, ಒಂದು. ಇದರ ಬಗ್ಗೆ ಎದುರು ತಂಡದವರ ತಕರಾರು ಬಂದೇ ಬರುತ್ತದೆ: ‘ಅಣ್ಣ, ಇವ್ನು ತ್ರೋ ಹಾಕ್ತಾನೆ!’ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಮೊಣಕೈ 15 ಡಿಗ್ರಿಯವರೆಗೆ ನೆಟ್ಟಗಾಗಬಹುದು, ಅಳೆಯಲು ಕ್ಯಾಮೆರಾಗಳಿವೆ. ಇಲ್ಲಿ ಅಳೆಯುವುದು ಅಂಪೈರ್, ಅವನು ನಿನ್ನೆ ತಾನೇ ಎದುರು ತಂಡದವರ ಮನೆ ಮದುವೆಯಲ್ಲಿ ಉಂಡು ಬಂದವನು. ಬೌಲ್ ಮಾಡಲು ಬಿಡದ ತೋಳಿಗೂ ಒಂದು ದಾರಿಯಿದೆ ಎಂದು ಹುಡುಗನಿಗೆ ಧೈರ್ಯ ಹೇಳಿ. 2008ರಲ್ಲಿ ಅಮೆರಿಕದ ಏಜೆಂಟ್ ಒಬ್ಬ ನಮ್ಮ ದೇಶಕ್ಕೆ ಬಂದು, ಬರೀ ಜೋರಾಗಿ, ನೇರವಾಗಿ ಎಸೆಯುವವರು ಬೇಕೆಂದು ಟಿವಿ ಸ್ಪರ್ಧೆ ನಡೆಸಿದ. ಅದರಲ್ಲಿ ಮೇಲೆ ಬಂದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಅದಕ್ಕೆ ಮೊದಲು ಬೇಸ್‌ಬಾಲ್ ಆಡಿದವರಲ್ಲ. ರಿಂಕು ಜಾವೆಲಿನ್ ಎಸೆಯುತ್ತಿದ್ದ. ಆ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರನ್ನೂ ಸೇರಿಸಿಕೊಂಡಿತು. ಕೆಳಹಂತದ ಲೀಗುಗಳಲ್ಲಿ ರಿಂಕು ಆಡಿದ್ದು ಹೆಚ್ಚಾಗಿ ರಿಲೀಫ್ ಪಿಚರ್ ಆಗಿಯೇ. ಮೊಣಕೈ ಕೈಕೊಟ್ಟ ಮೇಲೆ ಅವನು ಕುಸ್ತಿಯ ಟಿವಿ ಪ್ರಪಂಚಕ್ಕೆ ಹೋದ. ಸಕಲೇಶಪುರ ಸೀಮೆಯಲ್ಲಿ ‘ತ್ರೋ’ ಎಂದು ಹೊರಗೆ ಕೂರಿಸಿದ ತೋಳುಗಳನ್ನೆಲ್ಲ ಆ ಏಜೆಂಟ್ ನೋಡಿಯೇ ಇಲ್ಲ ಎನ್ನುವುದು ಅವನ ನಷ್ಟ.

ಬೇರೆ ಆಟದಿಂದ ಬಂದ ತೋಳು ಎಂದು ತಿರಸ್ಕರಿಸಲೂಬೇಡಿ. ಅಭಿಮನ್ಯು ಮಿಥುನ್ ಹದಿನೇಳರವರೆಗೆ ಲೆದರ್ ಬಾಲ್ ಮುಟ್ಟಿರಲಿಲ್ಲ, ಡಿಸ್ಕಸ್ ಎಸೆಯುತ್ತಿದ್ದ. 2009ರಲ್ಲಿ ಕರ್ನಾಟಕಕ್ಕೆ ಮೊದಲ ರಣಜಿ ಪಂದ್ಯ ಆಡಿದಾಗ, ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ, ಹ್ಯಾಟ್ರಿಕ್ ಸಮೇತ ಹನ್ನೊಂದು ವಿಕೆಟ್ ತೆಗೆದ.

ನೆನಪಿನ ಶಕ್ತಿ: ಈ ಮಾದರಿಯಲ್ಲಿ ಅಳವಡಿಸಿಲ್ಲ. ಇದೆಯೆಂದು ಕಂಡುಬಂದರೆ ತಕ್ಷಣ ಮೊದಲ ಓವರಿಗೆ ವರ್ಗಾಯಿಸಿ. ಹಿಂದಿನ ಚೆಂಡು ಎಲ್ಲಿಗೆ ಹೋಯಿತೆಂದು ನೆನಪಿರುವವನು ಮುಂದಿನದನ್ನು ಅಲ್ಲಿಗೇ ಹಾಕುತ್ತಾನೆ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಮೀರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟು ತೋರಿಸಿ, ಮುಂದಿನದೂ ಅಲ್ಲಿಗೇ ಎಂದಾಗ ವೆಂಕಟೇಶ್ ಪ್ರಸಾದ್ ತಿರುಗಿ ತನ್ನ ಗುರುತಿಗೆ ನಡೆದುಹೋದ ರೀತಿಯನ್ನು ನೋಡಿ. ಮುಂದಿನ ಚೆಂಡಿಗೆ ಆಫ್ ಸ್ಟಂಪ್ ಉರುಳಿದ್ದು ಎಲ್ಲರಿಗೂ ಗೊತ್ತು. ನಾನು ಆ ತುಣುಕನ್ನು ನೋಡುವಾಗ ನೋಡುವುದು ನಡಿಗೆಯನ್ನು.

ಶೇಖರಣೆ

ಬಳಸದೆ ಇರುವಾಗ ಎಲ್ಲಿಡಬೇಕು ಎನ್ನುವುದೇ ಈ ಕೈಪಿಡಿಯ ಮುಖ್ಯ ಭಾಗ, ಏಕೆಂದರೆ ಇವನ ಆಯುಷ್ಯದಲ್ಲಿ ಬಳಕೆಗಿಂತ ಶೇಖರಣೆಯೇ ಹೆಚ್ಚು.

ಬೇಲಿಯ ಪಕ್ಕದ ಬೌಂಡರಿಯಲ್ಲಿ ನಿಲ್ಲಿಸಬೇಡಿ. ನಮ್ಮ ಮೈದಾನಗಳಲ್ಲಿ ಒಂದು ಕಡೆ ಏರು, ಇನ್ನೊಂದು ಕಡೆ ತೋಟ. ಇಳಿಜಾರಿನಲ್ಲಿ ಉರುಳಿದ ಬಾಲಿನ ಹಿಂದೆ ಲಂಟಾನದೊಳಗೆ ನುಗ್ಗಿ ಬಂದವನ ಕೈಗೆ ತಕ್ಷಣ ಬಾಲ್ ಕೊಟ್ಟು ‘ಹಾಕು’ ಎಂದರೆ ಅವನು ಹಾಕುವುದು ಏದುಸಿರನ್ನು. ನೆರಳಲ್ಲಿ ಕೂರಿಸಿದರೆ ಮೈ ತಣ್ಣಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ಕಣ್ಣು ಮಂಜಾಗುತ್ತದೆ. ಮಿಡಾನಿನಲ್ಲಿ ನಿಲ್ಲಿಸಿ, ಆಗಾಗ ತೋಳು ತಿರುಗಿಸಲು ಹೇಳಿ. ನಾಲ್ಕನೇ ಓವರಿನಲ್ಲಿ ಅವನ ಮುಖ ನೋಡಬೇಡಿ. ನೋಡಿದರೆ ಅವನಿಗೆ ಗೊತ್ತಾಗುತ್ತದೆ, ನಿಮಗೆ ಭಯವಾಗಿದೆ ಎಂದು.

ಕಾಯುವುದರಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪರಂಪರೆಯಿದೆ. ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಹೆಸರಿನಲ್ಲಿ ಹೊತ್ತದ್ದು ಅರಸೀಕೆರೆ ತಾಲ್ಲೂಕಿನ ಊರನ್ನು. 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಶುರು ಮಾಡಿದವರು ತವರಿನಲ್ಲಿ ಮೊದಲ ಟೆಸ್ಟ್ ಆಡಲು 1994ರ ನವೆಂಬರಿನವರೆಗೆ ಕಾದರು. ಸ್ಪಿನ್ನಿನ ಪಿಚ್ಚುಗಳು, ವೇಗದ ಬೌಲರುಗಳಿಗೆ ಕಡಿಮೆ ಜಾಗ, ಆ ಜಾಗದಲ್ಲಿ ವಿಶ್ವದಾಖಲೆಯ ಹತ್ತಿರ ಬಂದಿದ್ದ ಕಪಿಲ್ ದೇವ್. ದೇಶದ ಅತಿ ವೇಗದ ಬೌಲರ್ ತನ್ನದೇ ದೇಶದ ಮೈದಾನದಲ್ಲಿ ನೀರು ಕೊಡುತ್ತಿದ್ದ ಮೂರು ವರ್ಷಗಳವು. ಒಟ್ಟು ಲೆಕ್ಕದಲ್ಲಿ ಟೆಸ್ಟಿನಲ್ಲಿ 236, ಏಕದಿನದಲ್ಲಿ 315 ವಿಕೆಟ್ ಬಂದವು ನಿಜ. ಆದರೆ ತೋಳಿನ ಅತ್ಯಂತ ಹೊಸ ಮೂರು ವರ್ಷಗಳು ತವರಿನ ಟೆಸ್ಟುಗಳ ಲೆಕ್ಕಕ್ಕೆ ಬರಲೇ ಇಲ್ಲ.

ಅದೇ ಶ್ರೀನಾಥ್ 1996ರ ಅಕ್ಟೋಬರಿನಲ್ಲಿ ಗಾಯಗೊಂಡಾಗ ಡೆಲ್ಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಲು ಕರೆ ಬಂದದ್ದು ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್‌ಗೆ. ಕರ್ನಾಟಕಕ್ಕೆ ಭಯಂಕರ ವೇಗದಲ್ಲಿ ಬೌಲ್ ಮಾಡುತ್ತಿದ್ದ ಹುಡುಗ. ಡೆಲ್ಲಿಯಲ್ಲಿ ಮೈಕೆಲ್ ಸ್ಲೇಟರ್ ವಿಕೆಟ್ ಸಿಕ್ಕಿತು, ಸ್ಲಿಪ್ಪಿನಲ್ಲಿ ಅಜರುದ್ದೀನ್ ಹಿಡಿದ ಕ್ಯಾಚು. ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಇನ್ನೊಂದು ಟೆಸ್ಟ್, ಇನ್ನೆರಡು ವಿಕೆಟ್. ಫೋನು ಮತ್ತೆ ಹೊಡೆದುಕೊಳ್ಳಲಿಲ್ಲ. 2024ರ ಜೂನಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ‘2 ಟೆಸ್ಟ್, 3 ವಿಕೆಟ್’ ಎಂದು ಬರೆದವು. ಒಬ್ಬ ವೇಗದ ಬೌಲರ್ ದೇಶಕ್ಕಾಗಿ ಎರಡು ಸಲ ಎದ್ದು ಬರಲು ಎಷ್ಟು ಬೆಳಗುಗಳನ್ನು ನೆಟ್ಸಿನಲ್ಲಿ ಸುರಿದಿರುತ್ತಾನೆ ಎನ್ನುವುದನ್ನು ಬರೆಯಲು ಪತ್ರಿಕೆಯಲ್ಲಿ ಜಾಗವಿರುವುದಿಲ್ಲ. ಈ ಕೈಪಿಡಿಯಲ್ಲಿದೆ, ಅದಕ್ಕೇ ಬರೆದೆ.

ಚಾಲನೆ

ಬಾಲನ್ನು ಕೈಗೆ ಕೊಡಿ, ದೂರದಿಂದ ಎಸೆಯಬೇಡಿ. ಬಟ್ಟೆಯಲ್ಲಿ ಒರೆಸಿ ಕೊಡಿ. ಮಲೆನಾಡಿನ ಹುಲ್ಲಿನ ಮೇಲೆ ಉರುಳಿದ ಟೆನ್ನಿಸ್ ಬಾಲ್ ಐದನೇ ಓವರಿನ ಹೊತ್ತಿಗೆ ಒದ್ದೆಯಾಗಿರುತ್ತದೆ.

ಇನ್ನು ಮಾತು. ಕೊನೆಯ ಓವರ್ ಶುರುವಾಗುವ ಮುನ್ನ ಬೌಲರಿನ ಹತ್ತಿರಕ್ಕೆ ನೀವು, ಕೀಪರ್, ಭಾವ, ಹಿಂದಿನ ಓವರಿನಲ್ಲಿ ಇಪ್ಪತ್ತೆರಡು ಕೊಟ್ಟವನು, ಬೌಂಡರಿಯಿಂದ ಓಡಿಬಂದ ತಂಡದ ಮಾಲೀಕರು ಎಲ್ಲರೂ ಬರುತ್ತೀರಿ. ‘ಬರೀ ಎಂಟು ರನ್ ಮಾರಾಯ, ಹಾಕ್ಬಿಡು.’ ‘ವೈಡ್ ಮಾತ್ರ ಹಾಕ್ಬೇಡ.’ ‘ಅವ್ನಿಗೆ ಲೆಗ್ ಸೈಡ್ ಕೊಡ್ಬೇಡ.’ ಇವುಗಳಲ್ಲಿ ಒಂದನ್ನೂ ಹೇಳಬೇಡಿ. ‘ಬರೀ ಎಂಟು’ ಎನ್ನುವವನು ಎಂಟು ರನ್ ಉಳಿಸುವ ಕೆಲಸ ಯಾವತ್ತೂ ಮಾಡಿದವನಲ್ಲ. ಫೀಲ್ಡರುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಅವನನ್ನೇ ಕೇಳಿ, ಅವನು ಹೇಳಿದಲ್ಲಿ ನಿಲ್ಲಿಸಿ, ನೀವೂ ಹೋಗಿ ನಿಂತುಕೊಳ್ಳಿ. ಮೈಕಿನಲ್ಲಿ ಕಾಮೆಂಟರಿ ಹೇಳುವವನಿಗೆ ಆರು ಚೆಂಡು ಮುಗಿಯುವವರೆಗೆ ಜಾಹೀರಾತು ಓದಲು ತಿಳಿಸಿ.

ಹಿಂದಿನ ಪಂದ್ಯದಲ್ಲಿ ಇವನು ಹೊಡೆಸಿಕೊಂಡಿದ್ದಾನೆ, ಇವತ್ತು ಬೇರೆಯವನಿಗೆ ಕೊಡೋಣ ಎಂಬ ಯೋಚನೆ ಬಂದರೆ 2019ರ ನವೆಂಬರ್ 29ನ್ನು ನೆನೆಯಿರಿ. ಸೂರತ್ತಿನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಸೆಮಿಫೈನಲ್, ಎದುರಿಗೆ ಹರಿಯಾಣ. ಮಿಥುನ್ ತನ್ನ ಮೊದಲ ಮೂರು ಓವರುಗಳಲ್ಲಿ 37 ರನ್ ಕೊಟ್ಟಾಗಿತ್ತು, ವಿಕೆಟ್ ಒಂದೂ ಇಲ್ಲ. ಇಪ್ಪತ್ತನೇ ಓವರಿಗೆ ಬಾಲ್ ಅವನ ಕೈಗೇ ಬಂತು. ಹಿಮಾಂಶು ರಾಣಾ, ರಾಹುಲ್ ತೆವಾಟಿಯಾ, ಸುಮಿತ್ ಕುಮಾರ್, ಅಮಿತ್ ಮಿಶ್ರಾ: ನಾಲ್ಕು ಚೆಂಡಿಗೆ ನಾಲ್ಕು ವಿಕೆಟ್. ಆಮೇಲೊಂದು ವೈಡ್, ಒಂದು ಸಿಂಗಲ್, ಕೊನೆಯ ಚೆಂಡಿಗೆ ಜಯಂತ್ ಯಾದವ್. ಆ ಓವರಿನಲ್ಲಿ ಎರಡು ರನ್, ಐದು ವಿಕೆಟ್. ಅದಕ್ಕೆ ಒಂದು ತಿಂಗಳು ಮುಂಚೆ, ಅಕ್ಟೋಬರ್ 25ರಂದು, ತನ್ನ ಹುಟ್ಟುಹಬ್ಬದ ದಿನವೇ, ಚಿನ್ನಸ್ವಾಮಿಯಲ್ಲಿ ವಿಜಯ್ ಹಜಾರೆ ಫೈನಲ್ಲಿನಲ್ಲೂ ತಮಿಳುನಾಡಿನ ಇನಿಂಗ್ಸಿನ ಕೊನೆಯ ಓವರಿನಲ್ಲಿ ಹ್ಯಾಟ್ರಿಕ್ ತೆಗೆದಿದ್ದ. ಸೂರತ್ತಿನಲ್ಲಿ ಹದಿನೆಂಟನೇ ಓವರಿನ ಹೊತ್ತಿಗೆ ಅವನ ಅಂಕಿ ನೋಡಿ ಬಾಲ್ ಬೇರೆಯವರಿಗೆ ಕೊಡಬಹುದಿತ್ತು. ಅಂಕಿ ಹೇಳುತ್ತಿದ್ದದ್ದೂ ಅದನ್ನೇ.

ವೇಗದವನೇ ಆಗಬೇಕೆಂದೂ ಇಲ್ಲ. ಅದೇ ಊರಲ್ಲಿ ಎರಡು ದಿನ ಬಿಟ್ಟು ಫೈನಲ್. ತಮಿಳುನಾಡಿಗೆ ಕೊನೆಯ ಓವರಿನಲ್ಲಿ 13 ಬೇಕು. ಬಾಲ್ ಆಫ್ ಸ್ಪಿನ್ನರ್ ಕೆ. ಗೌತಮ್ ಕೈಗೆ. ಆರ್. ಅಶ್ವಿನ್ ಮೊದಲೆರಡು ಚೆಂಡಿಗೆ ಎರಡು ಬೌಂಡರಿ ಹೊಡೆದರು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಭಾವ ಓಡಿಬರುತ್ತಾನೆ. ಮುಂದಿನ ನಾಲ್ಕು ಚೆಂಡಿನಲ್ಲಿ ಐದು ರನ್ ಆಗಲಿಲ್ಲ. ಕರ್ನಾಟಕ 180, ತಮಿಳುನಾಡು 179. ಬೇಸ್‌ಬಾಲ್ ಆಗಿದ್ದರೆ ಗೌತಮ್ ಹೆಸರಿಗೆ ಒಂದು ಸೇವ್ ಬೀಳುತ್ತಿತ್ತು.

ದೋಷ ಪತ್ತೆ

ತೊಂದರೆ: ವೈಡ್ ಹೋಗುತ್ತಿದೆ. ಕಾರಣ: ವೈಡ್ ಹಾಕಬೇಡ ಎಂದು ಯಾರೋ ಹೇಳಿದ್ದಾರೆ.

ತೊಂದರೆ: ಓವರ್ ಹಾಕುವ ಮುನ್ನ ನಗುತ್ತಿದ್ದಾನೆ. ಪರಿಹಾರ ಬೇಕಿಲ್ಲ. ಅಳುವುದಕ್ಕೆ ಮೊದಲಿನ ಹಂತ ಅದೇ, ಹಾಗೇ ಬಿಡಿ.

ತೊಂದರೆ: ಕೊನೆಯ ಚೆಂಡು ಸಿಕ್ಸ್ ಹೋಯಿತು. ಇದು ದೋಷವಲ್ಲ, ಈ ಸಾಧನದ ಸಹಜ ಗುಣ. ಆದರೆ ಇದರ ಪರಿಣಾಮದ ಬಗ್ಗೆ ಸ್ವಲ್ಪ ಹೇಳಬೇಕು.

1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಕೊನೆಯ ಚೆಂಡಿಗೆ ನಾಲ್ಕು ಬೇಕಿದ್ದಾಗ ಚೇತನ್ ಶರ್ಮಾ ಯಾರ್ಕರ್ ಹಾಕಲು ಹೋದರು. ಆ ಗೇಣಿನ ಲೆಕ್ಕ ತಪ್ಪಿ ಫುಲ್‌ಟಾಸ್ ಆಯಿತು, ಜಾವೇದ್ ಮಿಯಾಂದಾದ್ ಸಿಕ್ಸ್ ಹೊಡೆದರು. ಮರುವರ್ಷ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅದೇ ಚೇತನ್ ಶರ್ಮಾ ವಿಶ್ವಕಪ್ ಇತಿಹಾಸದ ಮೊದಲ ಹ್ಯಾಟ್ರಿಕ್ ತೆಗೆದರು, ಮೂರೂ ಬೌಲ್ಡ್. ಕೂಡುರಸ್ತೆಯಲ್ಲಿ ನಿಂತು ಚೇತನ್ ಶರ್ಮಾ ಎಂದು ಹೇಳಿ ನೋಡಿ, ಮೊದಲ ಉತ್ತರ ಶಾರ್ಜಾ ಎಂದೇ ಬರುತ್ತದೆ. ಆ ಪಂದ್ಯ ನಡೆದಾಗ ಹುಟ್ಟಿರದ ಹುಡುಗರೂ ಅದನ್ನೇ ಹೇಳುತ್ತಾರೆ. ವಿನಯ್ ಕುಮಾರ್ ವಿಷಯವೂ ಹೀಗೇ. ದಾವಣಗೆರೆಯಿಂದ ಬಂದು, ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ತೆಗೆದು, 2013-14, 2014-15 ಎರಡು ಸಾಲಿನಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದ ನಾಯಕ. 2013ರ ನವೆಂಬರ್ 2ರಂದು ತನ್ನದೇ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾಕ್ಕೆ 9 ಓವರಿನಲ್ಲಿ 102 ಕೊಟ್ಟ ದಿನವೇ ಅವರ ಕೊನೆಯ ಏಕದಿನ ಪಂದ್ಯ. ಭಾರತ ಆ ದಿನ ಗೆದ್ದಿತ್ತು ಎನ್ನುವುದನ್ನು ಯಾರೂ ಜೊತೆಗೆ ಹೇಳುವುದಿಲ್ಲ.

ರಿವೇರಾಗೂ ಆಯಿತು. 2001ರ ನವೆಂಬರ್ 4ರಂದು ವರ್ಲ್ಡ್ ಸೀರೀಸಿನ ಏಳನೇ, ಕೊನೆಯ ಆಟ; ಒಂದು ರನ್ ಮುನ್ನಡೆ; ಒಂಬತ್ತನೇ ಇನಿಂಗ್ಸಿನಲ್ಲಿ ಎಲ್ಲ ಕೈಬಿಟ್ಟಿತು. ಬೇಸ್‌ಬಾಲ್‌ನವರು ಕೈಬಿಟ್ಟ ಸೇವ್‌ಗಳನ್ನೂ ಎಣಿಸುತ್ತಾರೆ, ಲೆಕ್ಕದಲ್ಲಿ ಅಷ್ಟು ನಿಷ್ಠುರರು. ಆದರೆ ಉಳಿಸಿದ್ದನ್ನೂ ಎಣಿಸಿದ್ದರಿಂದ 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಮತ ಹಾಕಿದ 425 ಮಂದಿಯಲ್ಲಿ 425 ಮಂದಿಯೂ ಅವನ ಹೆಸರು ಬರೆದರು. ಅಂಥ ಸರ್ವಾನುಮತ ಅದಕ್ಕೆ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಲೆಕ್ಕವಿಟ್ಟ ಊರಿನಲ್ಲಿ ಒಂದು ಸೋಲು ಒಂದೇ ಆಗಿ ಉಳಿಯುತ್ತದೆ. ನಮ್ಮಲ್ಲಿ ಅದು ಅಡ್ಡಹೆಸರಾಗುತ್ತದೆ: ‘ಸಿಕ್ಸ್ ಸುರೇಶ’, ‘ಫುಲ್‌ಟಾಸ್ ಪುಟ್ಟ’. ಪಡಿತರದ ಅಂಗಡಿಯ ಸಾಲಿನಲ್ಲೂ ಕರೆಯುವುದು ಹಾಗೆಯೇ. ನಿಮ್ಮ ತಂಡದ ಹುಡುಗನಿಗೆ ಇಂಥ ಹೆಸರು ಅಂಟುವ ಮೊದಲೇ ಬೇರೊಂದು ಹೆಸರಿಡಿ. ಮೊದಲು ಇಟ್ಟ ಹೆಸರೇ ನಮ್ಮ ಕಡೆ ನಿಲ್ಲುವುದು.

ಸೋತ ಮೇಲೆ ಮಾಡಬಾರದ್ದು: ಅವನನ್ನು ಸಮಾಧಾನ ಮಾಡುವುದು. ಪಿಕಪ್ಪಿನ ಹಿಂದೆ ಎಲ್ಲರ ಜೊತೆಗೇ ಕೂರಿಸಿ, ಮುಂದಿನ ಸೀಟು ಕೊಡಬೇಡಿ. ಮುಂದಿನ ಸೀಟು ಕೊಟ್ಟರೆ ಅದು ಕಾಯಿಲೆಯವರಿಗೆ ಕೊಡುವ ಜಾಗ ಎಂದು ಅವನಿಗೂ ಗೊತ್ತು.

ಬಾಳಿಕೆ

ಇವನ ಬಾಳಿಕೆ ಕಡಿಮೆ. ತೋಳಿನ ಒಳಗೆ ಮೊಣಕೈ ಹತ್ತಿರ ಒಂದು ಅಸ್ಥಿರಜ್ಜು ಇದೆ. ಜೋರಾಗಿ ಎಸೆಯುವವರಲ್ಲಿ ಅದು ಹರಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ಅಮೆರಿಕದ ವೈದ್ಯರು ಟಾಮಿ ಜಾನ್ ಎಂಬ ಪಿಚರ್‌ನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಕಟ್ಟಿದರು. ಆಮೇಲೆ ಅವನು ಹದಿನಾಲ್ಕು ಸೀಸನ್ ಆಡಿದ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ಬಂತು. ವನಗೂರಿನಲ್ಲಿ ಇದಕ್ಕೆ ಸಮಾನವಾದದ್ದು ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು, ಮರುದಿನ ಬೆಳಿಗ್ಗೆ ಕಾಳುಮೆಣಸು ಕೊಯ್ಯಲು ಏಣಿ ಹತ್ತುವುದು. ಹುಡುಗ ಸೋಮವಾರ ಕೆಲಸಕ್ಕೆ ಹೋಗಲೇಬೇಕು. ಭಾನುವಾರ ಎರಡನೇ ಓವರ್ ಕೊಡುವ ಮುನ್ನ ಅದನ್ನು ಯೋಚಿಸಿ. ತೋಳು ಅವನದು ಹೌದು, ಆದರೆ ಅದನ್ನು ನಂಬಿ ಮನೆಯಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದಾರೆ.

ಕೆಲವರ ಬಾಳಿಕೆ ಒಂದೇ ಓವರ್. 2007ರ ಸೆಪ್ಟೆಂಬರ್ 24, ಜೊಹಾನ್ಸ್‌ಬರ್ಗ್. ಮೊದಲ ಟಿ20 ವಿಶ್ವಕಪ್ ಫೈನಲ್, ಪಾಕಿಸ್ತಾನಕ್ಕೆ ಕೊನೆಯ ಓವರಿನಲ್ಲಿ 13 ಬೇಕು, ಅವರ ಹತ್ತಿರ ಉಳಿದಿರುವುದು ಒಂದೇ ವಿಕೆಟ್. ಧೋನಿ ಬಾಲ್ ಕೊಟ್ಟದ್ದು ಹರಿಯಾಣದ ಜೋಗಿಂದರ್ ಶರ್ಮಾಗೆ. ಮೊದಲು ವೈಡ್, ಆಮೇಲೆ ಒಂದು ಖಾಲಿ ಚೆಂಡು, ಆಮೇಲೆ ಮಿಸ್ಬಾ ಉಲ್ ಹಕ್ ಸಿಕ್ಸ್, ಆಮೇಲೆ ಮಿಸ್ಬಾ ಹಿಂದಕ್ಕೆ ಎತ್ತಿ ಹೊಡೆದದ್ದನ್ನು ಶ್ರೀಶಾಂತ್ ಹಿಡಿದರು. ಐದು ರನ್ನಿನ ಗೆಲುವು, ದೇಶವೆಲ್ಲ ಬೀದಿಗೆ ಬಂತು. ಆ ಚೆಂಡೇ ಜೋಗಿಂದರ್ ಭಾರತಕ್ಕಾಗಿ ಹಾಕಿದ ಕೊನೆಯ ಚೆಂಡು. ಮುಂದೆ ಹರಿಯಾಣ ಪೊಲೀಸಿನಲ್ಲಿ ಡಿವೈಎಸ್ಪಿ ಆದರು. ಗೆದ್ದರೆ ಮತ್ತೆ ಕರೆಯುತ್ತಾರೆ ಎಂಬ ಖಾತರಿಯೂ ಈ ಕೆಲಸದಲ್ಲಿ ಇಲ್ಲ ಎಂದು ನಿಮ್ಮ ಹುಡುಗನಿಗೆ ಮೊದಲೇ ಹೇಳಿಬಿಡಿ. ಪೊಲೀಸ್ ನೇಮಕಾತಿಯ ಅರ್ಜಿಯನ್ನೂ ಹಾಕಿಸಿಡಿ.

ತೋಳು ಸೋತ ಮೇಲೆ ಅವನನ್ನು ಅಂಪೈರ್ ಮಾಡುವ ರೂಢಿ ನಮ್ಮಲ್ಲಿದೆ. ಒಳ್ಳೆಯದಲ್ಲ; ಕೊನೆಯ ಓವರಿನಲ್ಲಿ ಅವನು ಬೌಲರಿನ ಪಕ್ಷಕ್ಕೆ ಹೋಗುತ್ತಾನೆ, ಸೊಂಟದ ಮೇಲಿನ ಫುಲ್‌ಟಾಸಿಗೂ ನೋಬಾಲ್ ಕೊಡುವುದಿಲ್ಲ. ಮೈಕ್ ಕೊಡಿ. ಆರು ಚೆಂಡು ಹಾಕುವಾಗ ಒಳಗೆ ಏನಾಗುತ್ತದೆಂದು ಊರಿಗೆ ಹೇಳಬಲ್ಲವನು ಅವನೊಬ್ಬನೇ. ಹೇಳದೆ ಬರೀ ‘ಒಳ್ಳೇ ಚೆಂಡು’ ಎಂದು ಸುಮ್ಮನಾದರೂ ಪರವಾಗಿಲ್ಲ.

ಖಾತರಿ ಮತ್ತು ದೂರು

ಈ ಸಾಧನಕ್ಕೆ ಖಾತರಿ ಇಲ್ಲ. ಬದಲಿ ಕೊಡಲಾಗುವುದಿಲ್ಲ, ಬದಲಿಯಾಗಿ ಬರುವವನು ಇವನೇ. ದೂರುಗಳಿದ್ದರೆ ಸೋಮವಾರ ಬೆಳಿಗ್ಗೆ ಕೂಡುರಸ್ತೆಯ ಯಾವುದಾದರೂ ಟೀ ಅಂಗಡಿಯಲ್ಲಿ ದಾಖಲಿಸಬಹುದು. ದಾಖಲಿಸುವವರು ತಾವು ಹಾಕಿದ ಓವರ್ ಯಾವುದು, ಅದರಲ್ಲಿ ಕೊಟ್ಟ ರನ್ ಎಷ್ಟು ಎಂಬುದನ್ನು ಮೊದಲು ತಿಳಿಸತಕ್ಕದ್ದು. ಟೀ ದುಡ್ಡು ದೂರುದಾರರದೇ. ಮೂರನೇ ಓವರ್ ಹಾಕಿದವರ ದೂರನ್ನು ಯಾವ ಕಾರಣಕ್ಕೂ ಸ್ವೀಕರಿಸಲಾಗುವುದಿಲ್ಲ, ಅವರು ನಾಯಕರ ಭಾವನೇ ಆಗಿದ್ದರೂ.